ಯಂತ್ರವನ್ನು ತನ್ನದೆಂದುಕೊಂಡವನು: ಜಾರ್ಜ್ ಸ್ಟೀಫನ್‌ಸನ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಬರೆದು ಅಭ್ಯಾಸವಿದ್ದವನಲ್ಲ. ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿತು, ಮೂವತ್ತನಾಲ್ಕು ವರ್ಷ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಪಂಪು, ಬಾಯ್ಲರುಗಳ ನಡುವೆ ಕಳೆದವನು. ಆದರೂ ಒಪ್ಪಿಕೊಂಡೆ. ನನ್ನ ಕಸುಬಿನಲ್ಲಿ ನನಗಿಂತ ಇನ್ನೂರು ವರ್ಷ ಹಿಂದೆ ಇದ್ದ ಒಬ್ಬ ಹಿರಿಯನ ಕಥೆಯನ್ನು ಇಲ್ಲಿ ಓದುವ ಮಕ್ಕಳಿಗೆ ಹೇಳಬೇಕೆಂಬ ಆಸೆ ಬಹಳ ದಿನದಿಂದ ಇತ್ತು.

ಅವನ ಹೆಸರು ನಿಮಗೆಲ್ಲ ಗೊತ್ತು. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ ಜಾರ್ಜ್ ಸ್ಟೀಫನ್‌ಸನ್ ಎಂದು ಬರೆದು ನಾವೆಲ್ಲ ಒಂದು ಅಂಕ ಪಡೆದಿದ್ದೇವೆ. ರೈಲು ಎಂಜಿನ್ ಕಂಡುಹಿಡಿದವನು ಎಂದಷ್ಟೇ ನನಗೂ ತಿಳಿದಿತ್ತು. ನಿಜ ಹೇಳಬೇಕೆಂದರೆ ಅದೂ ಪೂರ್ತಿ ಸರಿಯಲ್ಲ. ಹಳಿಯ ಮೇಲೆ ಉಗಿ ಎಂಜಿನನ್ನು 1804ರಲ್ಲೇ ಓಡಿಸಿದವನು ರಿಚರ್ಡ್ ಟ್ರೆವಿಥಿಕ್. ಸ್ಟೀಫನ್‌ಸನ್ ಮೊದಲಿಗೆ ಗಣಿಯ ನೀರೆತ್ತುವ ಯಂತ್ರವನ್ನು ನೋಡಿಕೊಳ್ಳುವ ಕೆಲಸದಾಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೇಂಟೆನೆನ್ಸಿನವನು. ಅವನ ದೊಡ್ಡತನವೆಲ್ಲ ಆ ಕೆಲಸದಿಂದಲೇ ಬೆಳೆದು ಬಂತು. ದೊಡ್ಡವರನ್ನು ಬಹುವಚನದಲ್ಲಿ ಕರೆಯಬೇಕೆಂದು ಗುರುಗಳು ಕಲಿಸಿದ್ದಾರೆ. ಆದರೆ ನನ್ನದೇ ಕಸುಬಿನವನೆಂಬ ಸಲುಗೆಯಿಂದ ಇವನನ್ನು ಅವನು ಎಂದೇ ಕರೆಯುತ್ತೇನೆ, ಕ್ಷಮಿಸಬೇಕು.

ಇಂಗ್ಲೆಂಡಿನ ಈಶಾನ್ಯದಲ್ಲಿ ನ್ಯೂಕ್ಯಾಸಲ್ ಪಟ್ಟಣವಿದೆ. ಅದರ ಪಶ್ಚಿಮಕ್ಕೆ ಟೈನ್ ನದಿಯ ದಡದಲ್ಲಿ ವೈಲಮ್ ಎಂಬ ಕಲ್ಲಿದ್ದಲು ಗಣಿಯ ಊರು. 1781ರ ಜೂನ್ 9ರಂದು ಜಾರ್ಜ್ ಅಲ್ಲಿ ಹುಟ್ಟಿದ. ನಾಲ್ಕು ಸಂಸಾರಗಳು ಹಂಚಿಕೊಂಡಿದ್ದ ಮನೆಯಲ್ಲಿ ಇವರ ಪಾಲಿಗೆ ಒಂದೇ ಕೋಣೆ. ತಂದೆ ಗಣಿಯ ಪಂಪು ಯಂತ್ರಕ್ಕೆ ಕಲ್ಲಿದ್ದಲು ಹಾಕಿ ಬೆಂಕಿ ಕಾಯುವ ಆಳು. ಆರು ಮಕ್ಕಳ ಸಂಸಾರದಲ್ಲಿ ಯಾರನ್ನೂ ಶಾಲೆಗೆ ಕಳಿಸುವ ಶಕ್ತಿ ಆ ಸಂಬಳಕ್ಕಿರಲಿಲ್ಲ. ಜಾರ್ಜ್ ಮೊದಲು ದನ ಕಾದ. ದಿನಕ್ಕೆ ಎರಡು ಪೆನ್ನಿ ಕೂಲಿ. ದನ ಮೇಯುತ್ತಿರುವಾಗ ಅವನು ಜೇಡಿಮಣ್ಣಿನಲ್ಲಿ ಯಂತ್ರದ ಗೊಂಬೆ ಮಾಡುತ್ತಿದ್ದನೆಂದು, 1857ರಲ್ಲಿ ಅವನ ಜೀವನಚರಿತ್ರೆ ಬರೆದ ಸ್ಯಾಮ್ಯುಯಲ್ ಸ್ಮೈಲ್ಸ್ ದಾಖಲಿಸಿದ್ದಾನೆ. ಮುಂದೆ ನಾನು ಹೇಳುವ ಗಣಿಯ ದಿನಗಳ ಸಂಗತಿಗಳೂ ಹೆಚ್ಚಾಗಿ ಆ ಪುಸ್ತಕದಿಂದಲೇ ನಮಗೆ ತಿಳಿದಿರುವಂಥವು.

ಹದಿನೇಳರ ಹೊತ್ತಿಗೆ ಅವನು ಪ್ಲಗ್‌ಮನ್ ಆದ. ಕೆಲಸ ಇಷ್ಟೆ: ಪಂಪು ಸರಿಯಾಗಿ ನೀರೆತ್ತುತ್ತಿದೆಯೇ ಎಂದು ಕಾಯುವುದು, ಗಣಿಯ ತಳದಲ್ಲಿ ನೀರು ಕಡಿಮೆಯಾಗಿ ಹೀರುಕೊಳವೆಯ ತೂತುಗಳು ಹೊರಗೆ ಕಂಡರೆ ಕೆಳಗಿಳಿದು ಅವನ್ನು ಮುಚ್ಚುವುದು. ಇಲ್ಲದಿದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. ತೋಟದ ಪಂಪ್‌ಸೆಟ್ ಕಂಡಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಯಂತ್ರದಲ್ಲಿ ತಂದೆ ಬೆಂಕಿ ಹಾಕುವವನು, ಮಗ ಅವನಿಗಿಂತ ಮೇಲಿನ ಹುದ್ದೆಯವನು.

ಯಂತ್ರ ಕೆಟ್ಟರೆ ಗಣಿಯ ಎಂಜಿನಿಯರನನ್ನು ಕರೆಸಿದರೆ ಪ್ಲಗ್‌ಮನ್ನನ ಜವಾಬ್ದಾರಿ ಮುಗಿಯಿತು. ಜಾರ್ಜ್ ಅಲ್ಲಿಗೆ ನಿಲ್ಲಲಿಲ್ಲ. ಶನಿವಾರ ಯಂತ್ರ ನಿಂತು, ಸಂಬಳ ಪಡೆದ ಸಂಗಡಿಗರು ಕುಡಿಯಲೋ ಕೋಳಿ ಅಂಕಕ್ಕೋ ಹೋದ ಮೇಲೆ, ಅವನು ಯಂತ್ರವನ್ನು ಬಿಚ್ಚುತ್ತಿದ್ದ. ಒಂದೊಂದು ಭಾಗವನ್ನೂ ಒರೆಸಿ, ಅದು ಏಕೆ ಅಲ್ಲಿದೆ ಎಂದು ಯೋಚಿಸಿ, ಮತ್ತೆ ಜೋಡಿಸುತ್ತಿದ್ದ. ಇದಕ್ಕೆ ಓಟಿ ಇರಲಿಲ್ಲ, ಯಾರ ಹುಕುಂ ಇರಲಿಲ್ಲ. ನಾವು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಯಂತ್ರ ತೊಳೆದು ಕುಂಕುಮ ಹಚ್ಚುತ್ತೇವೆ. ಅವನಿಗೆ ವಾರ ವಾರವೂ ಆಯುಧಪೂಜೆ. ಆ ಯಂತ್ರದ ಒಂದು ಮೊಳೆಯೂ ಅವನ ಸ್ವಂತದ್ದಲ್ಲ. ಆದರೆ ಅದು ಹೇಗೆ ನಡೆಯುತ್ತದೆಂಬ ತಿಳಿವಳಿಕೆ ಅವನ ಸ್ವಂತದ್ದಾಯಿತು. ಅದನ್ನು ಯಾವ ಮಾಲೀಕನೂ ಕಿತ್ತುಕೊಳ್ಳುವಂತಿರಲಿಲ್ಲ.

ಆಗ ಅವನಿಗೆ ಓದಲು ಬರುತ್ತಿರಲಿಲ್ಲ. ಹೊಸ ಹೊಸ ಯಂತ್ರಗಳ ವಿವರ ಪುಸ್ತಕಗಳಲ್ಲಿ ಇರುತ್ತದೆಂದು ಕೇಳಿ, ಹದಿನೆಂಟನೆಯ ವಯಸ್ಸಿನಲ್ಲಿ ವಾರಕ್ಕೆ ಮೂರು ಪೆನ್ನಿ ಕೊಟ್ಟು ರಾತ್ರಿಶಾಲೆಗೆ ಸೇರಿದ. ಹತ್ತೊಂಬತ್ತಕ್ಕೆ ತನ್ನ ಹೆಸರು ಬರೆಯಲು ಕಲಿತ. ಲೆಕ್ಕವನ್ನು ಪಾಳಿಯ ಹೊತ್ತಿನಲ್ಲಿ ಯಂತ್ರದ ಬೆಂಕಿಯ ಬೆಳಕಿಗೆ ಸ್ಲೇಟು ಹಿಡಿದು ಮಾಡುತ್ತಿದ್ದ. ಹತ್ತಿರದಲ್ಲೇ ಶಾಲೆ ಇದ್ದೂ ತಪ್ಪಿಸಿಕೊಳ್ಳುತ್ತಿದ್ದ ನನ್ನಂಥವರು ಇದನ್ನು ನೆನೆಯಬೇಕು.

ಬದುಕು ಅವನನ್ನು ಸುಮ್ಮನೆ ಬಿಡಲಿಲ್ಲ. 1802ರಲ್ಲಿ ಮದುವೆಯಾದ, ಮರುವರ್ಷ ಮಗ ರಾಬರ್ಟ್ ಹುಟ್ಟಿದ. ಒಮ್ಮೆ ಮನೆಯ ಚಿಮಣಿಗೆ ಬೆಂಕಿ ಬಿದ್ದು, ನಂದಿಸಲು ಬಂದವರು ಸುರಿದ ನೀರಿಗೂ ಮಸಿಗೂ ಸಿಕ್ಕಿ ಗೋಡೆ ಗಡಿಯಾರ ಹಾಳಾಯಿತು. ರಿಪೇರಿಗೆ ಕೊಡಲು ದುಡ್ಡು ಸಾಲದೆ ತಾನೇ ಬಿಚ್ಚಿ ಸರಿಮಾಡಿದ. ಅಂದಿನಿಂದ ಊರಿನ ಗಡಿಯಾರಗಳೆಲ್ಲ ಅವನ ಮನೆಗೆ ಬರತೊಡಗಿದವು. ಚಪ್ಪಲಿ, ಬೂಟು ಹೊಲಿಯುವುದನ್ನೂ ಕಲಿತಿದ್ದ. 1804ರಲ್ಲಿ ಸಂಸಾರ ಕಿಲಿಂಗ್‌ವರ್ತ್ ಗಣಿಯ ಬಳಿಗೆ ಬಂತು. ಅಲ್ಲಿ ಎಳೆಗೂಸಾಗಿದ್ದ ಮಗಳು ತೀರಿಕೊಂಡಳು. 1806ರಲ್ಲಿ ಹೆಂಡತಿಯೂ ಕ್ಷಯರೋಗದಿಂದ ತೀರಿಕೊಂಡಳು. ಮಗನನ್ನು ನೋಡಿಕೊಳ್ಳುವ ಏರ್ಪಾಡು ಮಾಡಿ, ಕೆಲಸ ಹುಡುಕಿ ಸ್ಕಾಟ್ಲೆಂಡಿಗೆ ನಡೆದುಕೊಂಡೇ ಹೋದ.

ಒಂದು ವರ್ಷದ ನಂತರ ಹಿಂದಿರುಗಿದಾಗ ತಂದೆ ಕುರುಡನಾಗಿದ್ದ. ಯಂತ್ರದ ಒಳಗೆ ರಿಪೇರಿ ಮಾಡುತ್ತಿದ್ದಾಗ, ಒಳಗೆ ಆಳಿರುವುದು ತಿಳಿಯದೆ ಇನ್ನೊಬ್ಬ ಕೆಲಸಗಾರ ಉಗಿ ಬಿಟ್ಟಿದ್ದ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಇಂದು ಕಾರ್ಖಾನೆಗಳಲ್ಲಿ ಯಂತ್ರದೊಳಗೆ ಕೈ ಹಾಕುವ ಮುನ್ನ ಸ್ವಿಚ್ಚಿಗೂ ವಾಲ್ವಿಗೂ ಬೀಗ ಜಡಿದು, ನಮ್ಮ ಹೆಸರಿನ ಚೀಟಿ ತೂಗುಹಾಕಿ, ಬೀಗದ ಕೈಯನ್ನು ನಮ್ಮ ಜೇಬಿನಲ್ಲೇ ಇಟ್ಟುಕೊಳ್ಳುತ್ತೇವೆ. ಆ ಚೀಟಿಯ ಹಿಂದೆ ಇಂಥ ಎಷ್ಟೋ ಕಣ್ಣುಗಳ ಕಥೆಯಿದೆ. ಜಾರ್ಜ್ ತನ್ನ ಉಳಿತಾಯದಲ್ಲಿ ತಂದೆಯ ಸಾಲ ತೀರಿಸಿದ. ಸೈನ್ಯದ ಚೀಟಿಯಲ್ಲಿ ತನ್ನ ಹೆಸರು ಬಂದಾಗ ಬದಲಿ ಆಳಿಗೆ ಹಣ ಕೊಟ್ಟು ಕೈ ಖಾಲಿ ಮಾಡಿಕೊಂಡ. ಅಮೆರಿಕಕ್ಕೆ ಹೊರಟುಹೋಗಬೇಕೆಂದು ಯೋಚಿಸಿದ, ಆದರೆ ಹೋಗಲು ದುಡ್ಡಿರಲಿಲ್ಲ.

ಉಳಿದವನು ಮತ್ತೆ ಕಿಲಿಂಗ್‌ವರ್ತ್‌ನಲ್ಲೇ ಕೆಲಸ ಹಿಡಿದ. ಆ ಗಣಿಯಲ್ಲಿ ಕಲ್ಲಿದ್ದಲು ಎತ್ತುವ ಹಗ್ಗ ತಿಂಗಳಿಗೊಂದು ಸವೆಯುತ್ತಿತ್ತು, ಅಕ್ಕಪಕ್ಕದ ಗಣಿಗಳಲ್ಲಿ ಮೂರು ತಿಂಗಳು ಬಾಳುತ್ತಿತ್ತು. ಎಲ್ಲರೂ ಹಗ್ಗವನ್ನು ಬೈಯುತ್ತಿದ್ದರು. ಜಾರ್ಜ್ ಹಗ್ಗ ಎಲ್ಲಿ ಉಜ್ಜುತ್ತಿದೆ ಎಂದು ನೋಡಿ ರಾಟೆಯ ಜಾಗ ಬದಲಿಸಿದ. ಸವೆತ ನಿಂತಿತು. ಸವೆದ ಸಾಮಾನು ಬದಲಿಸುವವನು ಒಬ್ಬ, ಏಕೆ ಸವೆಯಿತೆಂದು ಕೇಳುವವನು ಇನ್ನೊಬ್ಬ. ನಮ್ಮ ವಿಭಾಗದಲ್ಲಿ ಇಬ್ಬರಿಗೂ ಒಂದೇ ಸಂಬಳ. ಆದರೆ ಕೆಲಸ ಒಂದೇ ಅಲ್ಲ.

ಇನ್ನು ಅವನ ಹೆಸರು ಸುತ್ತಲಿನ ಊರುಗಳಿಗೆ ಹಬ್ಬಿದ ಸಂಗತಿ. 1810ರಲ್ಲಿ ಕಿಲಿಂಗ್‌ವರ್ತ್‌ನಲ್ಲಿ ಹೈ ಪಿಟ್ ಎಂಬ ಹೊಸ ಗಣಿ ತೋಡಿದರು. ನೀರು ಬಂತು. ನೀರೆತ್ತಲು ನ್ಯೂಕಾಮನ್ ಮಾದರಿಯ ಯಂತ್ರ ಕೂರಿಸಿದರು. ಈ ಯಂತ್ರದ ಬಗೆ ಹೀಗೆ: ದೊಡ್ಡ ಸಿಲಿಂಡರಿಗೆ ಉಗಿ ತುಂಬಿಸಿ ಒಳಗೆ ತಣ್ಣೀರು ಚಿಮ್ಮಿಸುತ್ತಾರೆ. ಉಗಿ ಕುಗ್ಗಿ ನೀರಾಗಿ ಒಳಗೆ ಬರಿದಾದಾಗ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಏತದ ಮರದಂತಿರುವ ತೊಲೆಯ ಇನ್ನೊಂದು ತುದಿ ಮೇಲೆದ್ದು ಪಂಪಿನ ಸರಳನ್ನು ಎಳೆಯುತ್ತದೆ. ಯಂತ್ರವೇನೋ ಆಡುತ್ತಿತ್ತು, ನೀರು ಮಾತ್ರ ಇಳಿಯಲಿಲ್ಲ. ಸುತ್ತಲಿನ ಎಂಜಿನಿಯರುಗಳೆಲ್ಲ ಬಂದು ನೋಡಿ ಸೋತರು. ಹೀಗೆ ಸುಮಾರು ಒಂದು ವರ್ಷ ಕಳೆಯಿತು.

ಅದು ಜಾರ್ಜ್‌ನ ಯಂತ್ರವಲ್ಲ. ಅವನ ಡ್ಯೂಟಿ ಬೇರೆ ಕಡೆ. ಆದರೂ ಅವನು ಆಗಾಗ ಅಲ್ಲಿಗೆ ಹೋಗಿ ಅದರ ಆಟವನ್ನು ನೋಡಿ ಬರುತ್ತಿದ್ದ. ಒಂದು ಶನಿವಾರ ಯಾರೋ ಕೇಳಿದ್ದಕ್ಕೆ, ತಾನಾದರೆ ಒಂದು ವಾರದಲ್ಲಿ ನೀರು ಖಾಲಿ ಮಾಡಿಸುತ್ತೇನೆಂದ. ಮಾತು ಮೇಲ್ವಿಚಾರಕನ ಕಿವಿಗೆ ಬಿತ್ತು. ಬೇರೆ ದಾರಿ ಕಾಣದೆ ಅವನು ಒಪ್ಪಿಕೊಂಡ. ಕೆಲಸದವರನ್ನು ತಾನೇ ಆರಿಸಿಕೊಳ್ಳುವುದು ಜಾರ್ಜ್ ಹಾಕಿದ ಷರತ್ತು.

ಅವನು ಮಾಡಿದ್ದು ಮಂತ್ರವಲ್ಲ. ತಣ್ಣೀರಿನ ತೊಟ್ಟಿಯನ್ನು ಹತ್ತು ಅಡಿ ಮೇಲಕ್ಕೇರಿಸಿದ, ಚಿಮ್ಮುವ ಬಾಯಿಯನ್ನು ದೊಡ್ಡದು ಮಾಡಿದ, ಬಾಯ್ಲರಿನ ಒತ್ತಡವನ್ನು ಚದರ ಅಂಗುಲಕ್ಕೆ ಐದು ಪೌಂಡಿನಿಂದ ಹತ್ತಕ್ಕೆ ಏರಿಸಿದ. ತಣ್ಣೀರು ಸಾಲದೆ ಉಗಿ ತಡವಾಗಿ ಕುಗ್ಗುತ್ತಿದ್ದುದೇ ರೋಗವೆಂದು ಅವನು ಗುರುತಿಸಿದ್ದ. ಬುಧವಾರ ಯಂತ್ರ ಹೊರಟಾಗ ಕಟ್ಟಡವೇ ಅಲುಗಾಡಿತು, ನೋಡುತ್ತಿದ್ದವರು ಹೆದರಿದರು. ಆಮೇಲೆ ಲಯ ಹಿಡಿಯಿತು. ಶುಕ್ರವಾರದ ಹೊತ್ತಿಗೆ ಆಳುಗಳು ಗಣಿಯ ತಳಕ್ಕಿಳಿದರು. ಅವನಿಗೆ ಹತ್ತು ಪೌಂಡ್ ಬಹುಮಾನ ಬಂತು. 1812ರಲ್ಲಿ ಆ ಗಣಿಯ ಯಂತ್ರಗಳ ಉಸ್ತುವಾರಿ ಹುದ್ದೆ ತೆರವಾದಾಗ ವರ್ಷಕ್ಕೆ ನೂರು ಪೌಂಡ್ ಸಂಬಳದ ಮೇಲೆ ಅದು ಅವನ ಪಾಲಾಯಿತು.

ಜನ ಈ ಕಥೆಯಲ್ಲಿ ಆ ಮೂರು ದಿನವನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಿಂದಿನ ಒಂದು ವರ್ಷ. ಯಾರೂ ಕರೆಯದೆ, ಯಾರೂ ಕೇಳದೆ, ತನ್ನದಲ್ಲದ ಯಂತ್ರದ ಮುಂದೆ ಹೋಗಿ ನಿಂತ ವರ್ಷ. ಛಲ ಎಂದರೆ ಹಲ್ಲು ಕಚ್ಚುವುದೆಂದು ನಾನು ತಿಳಿದಿದ್ದೆ. ಮತ್ತೆ ಮತ್ತೆ ಹೋಗಿ ನೋಡುವುದೂ ಛಲವೇ.

ಮುಂದಿನದು ನಿಮಗೆ ಸ್ವಲ್ಪ ಗೊತ್ತಿರುವ ಕಥೆ. 1814ರ ಜುಲೈಯಲ್ಲಿ ಅವನ ಮೊದಲ ರೈಲು ಎಂಜಿನ್ ಬ್ಲೂಖರ್ ಕಿಲಿಂಗ್‌ವರ್ತ್‌ನ ಏರುಹಾದಿಯಲ್ಲಿ ಮೂವತ್ತು ಟನ್ ಭಾರವನ್ನು ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಎಳೆಯಿತು. ಅದೇ ಕಾಲದಲ್ಲಿ ಗಣಿಗಳಲ್ಲಿ ಅನಿಲ ಸ್ಫೋಟದಿಂದ ಜನ ಸಾಯುತ್ತಿದ್ದರು. 1812ರಲ್ಲಿ ಫೆಲಿಂಗ್ ಎಂಬಲ್ಲಿ ಒಂದೇ ಸ್ಫೋಟದಲ್ಲಿ 92 ಮಂದಿ ಸತ್ತಿದ್ದರು. ಜಾರ್ಜ್ ಸ್ಫೋಟಿಸದ ದೀಪವೊಂದನ್ನು ರೂಪಿಸಿ, 1815ರ ಅಕ್ಟೋಬರಿನಲ್ಲಿ ಗಣಿಯೊಳಗೆ ಅನಿಲ ಸೋರುತ್ತಿದ್ದ ಬಿರುಕಿನ ಮುಂದೆ ತಾನೇ ಹಿಡಿದು ಪರೀಕ್ಷಿಸಿದ. ಸಂಗಡಿಗರು ದೂರ ನಿಂತಿದ್ದರು. ದೀಪ ಆರಿತು, ಸ್ಫೋಟವಾಗಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನ ವಿಜ್ಞಾನಿ ಹಂಫ್ರಿ ಡೇವಿಯೂ ಸುರಕ್ಷಾ ದೀಪ ಮಾಡಿದ್ದರಿಂದ, ಓದಿಲ್ಲದ ಕೆಲಸಗಾರ ಇಂಥದ್ದನ್ನು ಮಾಡಬಲ್ಲನೇ ಎಂಬ ಜಗಳವೂ ಎದ್ದಿತು. ನ್ಯೂಕ್ಯಾಸಲ್ ಸೀಮೆಯವರು ಅವನ ಪರ ನಿಂತು ಸಾವಿರ ಪೌಂಡ್ ಕೂಡಿಸಿ ಕೊಟ್ಟರು.

ಇನ್ನೊಂದು ಸಂಗತಿಯನ್ನು ಪಾಠಪುಸ್ತಕ ಹೇಳುವುದಿಲ್ಲ. ಎಂಜಿನ್ನೂ ಹಳಿಯೂ ಸೇರಿ ಒಂದೇ ಯಂತ್ರ ಎಂಬುದು ಅವನ ನಂಬಿಕೆ. ಆಗಿನ ಹಳಿಗಳು ಎರಕದ ಕಬ್ಬಿಣದವು, ಭಾರಕ್ಕೆ ಮುರಿಯುತ್ತಿದ್ದವು. 1816ರಲ್ಲಿ ಅವನು ವಿಲಿಯಂ ಲಾಷ್ ಜೊತೆ ಸೇರಿ ಸುಧಾರಿಸಿದ ಎರಕದ ಹಳಿಗೆ ಪೇಟೆಂಟ್ ಪಡೆದಿದ್ದ. ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುದಾರಿ ಹಾಕುವಾಗ ಅದನ್ನೇ ಮಾರಿ ಲಾಭ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಜಾನ್ ಬರ್ಕಿನ್‌ಷಾ ಎಂಬವನು ಬಡಿತದ ಕಬ್ಬಿಣದ ಹಳಿ ಮಾಡಿದ್ದ. ಅದು ಮುರಿಯುವುದಿಲ್ಲವೆಂದು ಕಂಡು, ತನ್ನದನ್ನು ಬದಿಗಿಟ್ಟು ಅದನ್ನೇ ಶಿಫಾರಸು ಮಾಡಿದ. ಪಾಲುದಾರ ಲಾಷ್ ಮುನಿಸಿಕೊಂಡ. 1825ರ ಸೆಪ್ಟೆಂಬರ್ 27ರಂದು ಆ ದಾರಿಯಲ್ಲಿ ರೈಲು ಓಡಿತು. ತನ್ನದೆಂಬ ಭಾವ ತನ್ನ ಲಾಭದ ಮೇಲಲ್ಲ, ಕೆಲಸದ ಮೇಲಿರಬೇಕು ಎಂಬುದನ್ನು ನಾನು ಕಲಿತದ್ದು ಇಲ್ಲಿಂದ.

ಇಷ್ಟೆಲ್ಲ ಹೇಳಿ ಅವನ ಸೋಲನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅದೇ 1825ರ ವಸಂತದಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿನ ಮಸೂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂತು. ಸರ್ವೆ ನಡೆಸಿದ್ದು ಅವನ ಕೈಕೆಳಗಿನವರು. ಜಮೀನ್ದಾರರು ಅಡ್ಡಗಟ್ಟುತ್ತಿದ್ದರಿಂದ ಅವಸರದಲ್ಲಿ ಅಳೆದಿದ್ದರು. ಆ ಅಳತೆಗಳನ್ನು ಅವನು ಸ್ವತಃ ಮತ್ತೆ ನೋಡಿರಲಿಲ್ಲ. ಸಮಿತಿಯಲ್ಲಿ ವಕೀಲರು ಮಟ್ಟದ ಲೆಕ್ಕಗಳ ತಪ್ಪನ್ನು ಒಂದೊಂದಾಗಿ ಎತ್ತಿ ತೋರಿಸಿದರು, ಅವನ ಹಳ್ಳಿಮಾತನ್ನು ಗೇಲಿ ಮಾಡಿದರು. ಮಸೂದೆ ಬಿದ್ದುಹೋಯಿತು. ಆ ಕೆಲಸದಿಂದ ಅವನನ್ನು ಬಿಟ್ಟರು. ಪ್ರತಿ ಶನಿವಾರ ಯಂತ್ರ ಬಿಚ್ಚಿ ನೋಡುತ್ತಿದ್ದವನು, ಬಿಚ್ಚಿ ನೋಡದೆ ಸಹಿ ಹಾಕಿದ್ದಕ್ಕೆ ತೆತ್ತ ಬೆಲೆ ಅದು.

ಈ ಭಾಗ ಓದುವಾಗ ನನಗೆ ನನ್ನದೇ ಒಂದು ರಾತ್ರಿ ನೆನಪಾಗುತ್ತದೆ. ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಕೂಲಿಂಗ್ ನೀರಿನ ಪಂಪಿನ ಬೇರಿಂಗಿಗೆ ಗ್ರೀಸ್ ತುಂಬಿದೆಯೇ ಎಂದು ನೋಡಿ ತಪಾಸಣೆ ಹಾಳೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಹಿಂದಿನ ಪಾಳಿಯವರು ತುಂಬಿರುತ್ತಾರೆಂದುಕೊಂಡು ಮುಟ್ಟಿ ನೋಡದೆ ಗುರುತು ಹಾಕಿದೆ. ನಡುರಾತ್ರಿ ಬೇರಿಂಗ್ ಸುಟ್ಟು ಪಂಪು ಹಿಡಿದುಕೊಂಡಿತು, ಒಂದು ಪಾಳಿಯ ಉತ್ಪಾದನೆ ನಿಂತಿತು. ವಿಚಾರಣೆಯಲ್ಲಿ ತಪ್ಪು ಹೆಲ್ಪರನ ಮೇಲೆ ಹೋಯಿತು. ಅವನಿಗೆ ಸಂಬಳ ಕಡಿತ ಎಂದಾಯಿತು. ಕಾಗದದಲ್ಲಿ ನನ್ನ ಗುರುತು ಸರಿಯಾಗಿಯೇ ಇತ್ತು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಆ ಹೆಲ್ಪರು ಎಂದಿನಂತೆ ನನ್ನ ಮುಂದೆ ಟೀ ಲೋಟ ಇಟ್ಟು ಹೋದ. ಆ ಟೀ ಕುಡಿಯಲಾಗಲಿಲ್ಲ. ಎದ್ದು ಹೋಗಿ ಫೋರ್‌ಮನ್ನರಿಗೆ ಹೇಳಿದೆ. ಕಡಿತ ನನ್ನ ಹೆಸರಿಗೆ ಬಂತು. ಆ ಎರಡು ದಿನದ ಮೌನಕ್ಕೆ ಮಾತ್ರ ಯಾರೂ ಶಿಕ್ಷೆ ಕೊಡಲಿಲ್ಲ, ಅದು ಇನ್ನೂ ನನ್ನ ಬಳಿಯೇ ಇದೆ. ಯಂತ್ರ ನನ್ನದು ಎನ್ನುವವನು ಅದರ ತಪ್ಪನ್ನೂ ನನ್ನದು ಎನ್ನಬೇಕು.

ಸ್ಟೀಫನ್‌ಸನ್ ಸೋತ ಮೇಲೆ ಮನೆಯಲ್ಲಿ ಕೂರಲಿಲ್ಲ. ಬೇರೆಯವರ ಹೊಸ ಸರ್ವೆಯ ಮೇಲೆ 1826ರಲ್ಲಿ ಮಸೂದೆ ಪಾಸಾಯಿತು. ಕಟ್ಟುವ ಕೆಲಸಕ್ಕೆ ಮತ್ತೆ ಅವನನ್ನೇ ಕರೆದರು. ದಾರಿಯಲ್ಲಿ ಚಾಟ್ ಮಾಸ್ ಎಂಬ ಜೌಗು ಇತ್ತು. ಮನುಷ್ಯ ಕಾಲಿಟ್ಟರೂ ಹೂತುಹೋಗುವಂಥದ್ದು. ಸುರಿದ ಮಣ್ಣೆಲ್ಲ ವಾರಗಟ್ಟಲೆ ಒಳಗೆ ಇಳಿಯುತ್ತಲೇ ಹೋಯಿತು. ಕಂಪನಿಯ ನಿರ್ದೇಶಕರು ಕೈಬಿಡುವ ಮಾತಾಡಿದರು. ಅವನು ಕಡ್ಡಿ ಕೊಂಬೆಗಳ ತಡಿಕೆ ಹೆಣೆಸಿ, ಅದರ ಮೇಲೆ ದಾರಿಯನ್ನು ತೆಪ್ಪದಂತೆ ತೇಲಿಸುವ ಕೆಲಸ ಮುಂದುವರಿಸಿದ. 1829ರ ಅಕ್ಟೋಬರಿನಲ್ಲಿ ರೈನ್‌ಹಿಲ್ ಸ್ಪರ್ಧೆಯಲ್ಲಿ ಅವನೂ ಮಗ ರಾಬರ್ಟನೂ ಕಟ್ಟಿದ ರಾಕೆಟ್ ಎಂಜಿನ್ 500 ಪೌಂಡಿನ ಬಹುಮಾನ ಗೆದ್ದಿತು. 1830ರ ಸೆಪ್ಟೆಂಬರ್ 15ರಂದು ದಾರಿ ತೆರೆಯಿತು. ಆ ಜೌಗಿನ ಮೇಲೆ ಇಂದಿಗೂ ರೈಲು ಓಡುತ್ತಿದೆ.

1847ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಹುಟ್ಟಿದಾಗ, ಹದಿನೆಂಟರವರೆಗೆ ಅಕ್ಷರ ತಿಳಿಯದಿದ್ದ ಈತನೇ ಅದರ ಮೊದಲ ಅಧ್ಯಕ್ಷ. ಕೊನೆಗಾಲದಲ್ಲಿ ಚೆಸ್ಟರ್‌ಫೀಲ್ಡ್ ಬಳಿ ತೋಟ ಮಾಡಿಕೊಂಡು, ಸೌತೆಕಾಯಿ ಡೊಂಕಾಗದೆ ನೆಟ್ಟಗೆ ಬೆಳೆಯಲೆಂದು ಗಾಜಿನ ಕೊಳವೆ ಮಾಡಿಸಿದ್ದ. ರಿಪೇರಿಯವನ ಕೈ ಸುಮ್ಮನಿರುವುದಿಲ್ಲ. 1848ರ ಆಗಸ್ಟ್ 12ರಂದು ತೀರಿಕೊಂಡಾಗ ಅವನಿಗೆ 67 ವರ್ಷ.

ಅವನು ನಮಗೆ ದೂರದವನೆಂದು ತಿಳಿಯಬೇಡಿ. ಕಿಲಿಂಗ್‌ವರ್ತ್ ಗಣಿಯ ಬಂಡಿದಾರಿಯ ಅಗಲವನ್ನೇ ಅವನು ತನ್ನ ರೈಲುಗಳಿಗೂ ಇಟ್ಟುಕೊಂಡ, ಆಮೇಲೆ ಅರ್ಧ ಅಂಗುಲ ಸೇರಿತು. ನಾಲ್ಕು ಅಡಿ ಎಂಟೂವರೆ ಅಂಗುಲ, ಅಂದರೆ 1435 ಮಿಲಿಮೀಟರ್. ಬೆಂಗಳೂರಿನ ನಮ್ಮ ಮೆಟ್ರೋ ಹಳಿಗಳ ನಡುವಿನ ಅಂತರವೂ ಅದೇ. ನಮ್ಮೂರಿನ ಮಕ್ಕಳು ಕೆಲಸಕ್ಕೆ ಹೋಗಿಬರುವುದು ಆ ಗಣಿ ಕೆಲಸಗಾರ ಬಿಟ್ಟುಹೋದ ಅಳತೆಯ ಮೇಲೆ.

ಕೊನೆಗೆ ನಮ್ಮ ಶಾಲೆಯ ಮಾತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಂಗಳದ ಕೈಪಂಪು ಕೆಟ್ಟು ನಿಂತಿತ್ತು. ವಾರಗಟ್ಟಲೆ ನಾವು ಪಕ್ಕದ ಹೊಲದ ಬಾವಿಗೆ ಹೋಗಿ ನೀರು ಕುಡಿದೆವು. ಅದು ಸರ್ಕಾರದ್ದು, ಸರ್ಕಾರದವರೇ ಬರಲಿ ಎಂದು ಎಲ್ಲರೂ ಸುಮ್ಮನಿದ್ದರು. ಕಡೆಗೆ ನಮ್ಮ ಡ್ರಿಲ್ ಮೇಷ್ಟ್ರು ಯಾರಿಂದಲೋ ಪೈಪ್ ಸ್ಪ್ಯಾನರ್ ತಂದು, ನಾಲ್ಕು ಹುಡುಗರನ್ನು ಕರೆದು ಅದನ್ನು ಬಿಚ್ಚಿಸಿದರು. ಒಳಗೆ ಸವೆದಿದ್ದುದು ಒಂದು ಚರ್ಮದ ವಾಷರು. ಯಂತ್ರದ ಒಳಗನ್ನು ನಾನು ಮೊದಲು ಕಂಡದ್ದು ಅಂದು. ಆ ನಾಲ್ವರಲ್ಲಿ ನಾನೂ ಒಬ್ಬ.

ಸರ್ಕಾರದ್ದು ಎಂದರೆ ಯಾರದ್ದೂ ಅಲ್ಲ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಅದು ನಮ್ಮದು ಎಂದೂ ಅರ್ಥ ಮಾಡಿಕೊಳ್ಳಬಹುದು. ಈ ಐವತ್ತನೆಯ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳು ಶಕ್ತ್ಯಾನುಸಾರ ದೇಣಿಗೆ ಕೊಡುತ್ತಿದ್ದಾರೆ, ಸಂತೋಷ. ನನ್ನಿಂದ ದೊಡ್ಡ ಮೊತ್ತ ಆಗುವುದಿಲ್ಲ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನ ಸ್ಪ್ಯಾನರ್ ಪೆಟ್ಟಿಗೆಯೊಂದಿಗೆ ಬರುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ನಲ್ಲಿ, ಪಂಪು, ಫ್ಯಾನು, ಪ್ರಯೋಗಶಾಲೆಯ ಸಾಮಾನು, ಏನಿದ್ದರೂ ಬಿಚ್ಚಿ ನೋಡೋಣ. ನಾಲ್ಕು ಜನ ಮಕ್ಕಳು ಜೊತೆಗಿದ್ದರೆ ಸಾಕು.